ಬೇಸ್‌ಬಾಲ್ ಪಂದ್ಯದ ಫೋಟೋಗ್ರಫಿ: ನಿಲ್ಲುವ ಜಾಗದಿಂದ ಕ್ಯಾಪ್ಷನ್‌ವರೆಗೆ ಸಮಗ್ರ ಮಾರ್ಗದರ್ಶಿ

ಬೇಸ್‌ಬಾಲ್‌ನಲ್ಲಿ ಪಿಚ್ ಎಂದರೆ ಪಿಚರ್ ಬ್ಯಾಟರ್ ಕಡೆಗೆ ಹಾಕುವ ಎಸೆತ. ಗಂಟೆಗೆ 95 ಮೈಲಿ ವೇಗದ ಪಿಚ್ ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ಪಿಚರ್ ಕೈಬಿಟ್ಟ ಚೆಂಡು ಬ್ಯಾಟರ್ ಬಳಿ ನೆಲದಲ್ಲಿರುವ ಹೋಂ ಪ್ಲೇಟ್ ತಲುಪಲು 0.4 ಸೆಕೆಂಡ್ ಸಾಕು. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 20 ಫ್ರೇಮ್ ತೆಗೆಯುತ್ತದೆ ಅಂದುಕೊಳ್ಳಿ, ಆಗಲೂ ಎರಡು ಫ್ರೇಮ್‌ಗಳ ನಡುವೆ ಚೆಂಡು ಎರಡು ಮೀಟರ್ ದಾಟಿರುತ್ತದೆ. ಬ್ಯಾಟು ಮತ್ತು ಚೆಂಡು ಒಂದಕ್ಕೊಂದು ತಾಗಿರುವುದು ಹೆಚ್ಚೆಂದರೆ ಒಂದು ಮಿಲಿಸೆಕೆಂಡ್. ಬಟನ್ ಒತ್ತಿ ಹಿಡಿದರೆ ಯಾವುದಾದರೂ ಒಂದು ಫ್ರೇಮಿನಲ್ಲಿ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಮುಂದಿನ ಆಟ ಮೈದಾನದ ಯಾವ ಮೂಲೆಯಲ್ಲಿ ನಡೆಯಬಹುದು ಎಂದು ಪಿಚ್‌ಗೆ ಮೊದಲೇ ತೀರ್ಮಾನಿಸಿ, ಅಲ್ಲಿ ಫೋಕಸ್ ಸಿದ್ಧವಿಟ್ಟುಕೊಂಡವರಿಗೆ ಮಾತ್ರ ಒಳ್ಳೆಯ ಫ್ರೇಮ್ ಸಿಗುತ್ತದೆ. ಈ ಬರಹದ ಹೆಚ್ಚಿನ ಪಾಲು ಆ ತೀರ್ಮಾನದ ಬಗ್ಗೆಯೇ.

ಬೌಂಡರಿ ಹಗ್ಗದ ಹಿಂದೆ ಕೂತು ಕ್ರಿಕೆಟ್ ತೆಗೆದು ಅಭ್ಯಾಸವಿರುವವರು ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಕ್ರಿಕೆಟ್‌ನಲ್ಲಿ ಪಿಚ್ ದೂರ, ಆದರೆ ಮುಖ್ಯ ಆಟವೆಲ್ಲ ಆ ಒಂದೇ ಪಟ್ಟಿಯ ಮೇಲೆ ನಡೆಯುತ್ತದೆ. ಬೇಸ್‌ಬಾಲ್‌ನಲ್ಲಿ ಆಟ ಹತ್ತಿರ, ಆದರೆ ನಾಲ್ಕು ಮೂಲೆಗಳಲ್ಲಿ ಹಂಚಿಹೋಗಿದೆ: ಹೊಡೆದವನು ರನ್ನರ್ ಆಗಿ ಮೊದಲನೇ, ಎರಡನೇ, ಮೂರನೇ ಬೇಸುಗಳನ್ನು ಮುಟ್ಟಿ ಹೋಂ ಪ್ಲೇಟ್‌ಗೆ ಮರಳಿದರೆ ಒಂದು ರನ್. ಬೇಸಿನಿಂದ ಬೇಸಿಗೆ 90 ಅಡಿ, ಅಂದರೆ 27.4 ಮೀಟರ್. ಹೋಂ ಪ್ಲೇಟ್‌ನಿಂದ ಎರಡನೇ ಬೇಸಿಗೆ ಕರ್ಣರೇಖೆಯಲ್ಲಿ 38.8 ಮೀಟರ್. ಪಿಚರ್ ನಿಲ್ಲುವುದು ಪ್ಲೇಟ್‌ನಿಂದ 18.44 ಮೀಟರ್ ದೂರದಲ್ಲಿ. ಕ್ರಿಕೆಟ್‌ಗೆ 600 ಎಂಎಂ ಲೆನ್ಸ್ ಹಿಡಿದು ಒಂದೇ ಕಡೆ ನೆಟ್ಟಿರಬಹುದು. ಇಲ್ಲಿ ಒಂದೇ ಸೆಕೆಂಡಿನಲ್ಲಿ ಪ್ಲೇಟ್‌ನಿಂದ ಎರಡನೇ ಬೇಸಿಗೆ ಲೆನ್ಸ್ ತಿರುಗಿಸಬೇಕಾಗುತ್ತದೆ.

ಎಲ್ಲಿ ನಿಲ್ಲಬೇಕು

ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್) ಕ್ರೀಡಾಂಗಣಗಳಲ್ಲಿ ಪಾಸ್ ಇರುವ ಫೋಟೋಗ್ರಾಫರ್‌ಗಳಿಗೆ, ತಂಡದವರು ಕೂರುವ ಡಗೌಟ್‌ಗಳ ಪಕ್ಕದಲ್ಲಿ ತಗ್ಗಾದ ಕಟ್ಟೆ ಇರುತ್ತದೆ. ಅದಕ್ಕೆ ಫೋಟೋ ವೆಲ್ ಎನ್ನುತ್ತಾರೆ. ಒಂದು ಮೊದಲನೇ ಬೇಸಿನ ಕಡೆ, ಇನ್ನೊಂದು ಮೂರನೇ ಬೇಸಿನ ಕಡೆ. ಯಾವುದರಲ್ಲಿ ನಿಲ್ಲುವುದು ಎಂಬುದೇ ದಿನದ ಮೊದಲ ನಿರ್ಧಾರ.

ಬಲಗೈ ಬ್ಯಾಟರ್ ಪ್ಲೇಟಿನ ಮೂರನೇ ಬೇಸಿನ ಪಕ್ಕ ನಿಂತು ಮೊದಲನೇ ಬೇಸಿನ ಕಡೆ ಎದೆ ತಿರುಗಿಸಿರುತ್ತಾನೆ. ಅವನ ಮುಖ ಬೇಕಾದರೆ ಮೊದಲನೇ ಬೇಸಿನ ವೆಲ್ ಸರಿ. ಎಡಗೈಯವನಿಗೆ ಮೂರನೇ ಬೇಸಿನ ವೆಲ್. ಪಿಚರ್‌ಗಳದ್ದು ಸ್ವಲ್ಪ ಗೋಜಲು. ಬಲಗೈ ಪಿಚರ್ ಕಾಲೆತ್ತಿ ನಿಂತಾಗ ಮೂರನೇ ಬೇಸಿನ ಕಡೆ ಮುಖ ಮಾಡಿರುತ್ತಾನೆ, ಆದ್ದರಿಂದ ಆ ಭಂಗಿ ಅಲ್ಲಿಂದಲೇ ಚೆಂದ. ಆದರೆ ಚೆಂಡು ಬಿಡುವ ಗಳಿಗೆಯಲ್ಲಿ ಎಸೆಯುವ ಕೈ ಅದೇ ಪಕ್ಕದಿಂದ ಬಂದು ಮುಖಕ್ಕೆ ಅಡ್ಡವಾಗಬಹುದು. ಆ ಗಳಿಗೆಗೆ ಮೊದಲನೇ ಬೇಸಿನ ಕಡೆಯಿಂದ ಮುಖ ಬಿಡುವಾಗಿ ಕಾಣುತ್ತದೆ. ಎಡಗೈ ಪಿಚರ್‌ಗೆ ಇದೆಲ್ಲ ತಿರುವುಮುರುವು.

ಬೇಸುಗಳ ಮೇಲಿನ ಆಟಕ್ಕೂ ಇಂಥದೇ ಲೆಕ್ಕ. ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇನಲ್ಲಿ ಎರಡನೇ ಬೇಸಿನಲ್ಲಿರುವ ಫೀಲ್ಡರ್ ಮೊದಲನೇ ಬೇಸಿಗೆ ಎಸೆಯುತ್ತಾನೆ, ಹಾಗಾಗಿ ಅವನ ಮುಖ ಸಿಗುವುದು ಮೊದಲನೇ ಬೇಸಿನ ವೆಲ್‌ನಿಂದ. ಮೂರನೇ ಬೇಸಿನಿಂದ ಹೋಂ ಪ್ಲೇಟ್‌ಗೆ ಜಾರಿ ಬರುವ ರನ್ನರ್‌ನ ಮುಖವೂ ಅಲ್ಲಿಂದಲೇ. ಎರಡನೇ ಬೇಸ್ ಕದಿಯುವ, ಅಂದರೆ ಪಿಚ್ ಹಾಕುವ ಹೊತ್ತಿಗೇ ಅಲ್ಲಿಗೆ ಓಡುವ ರನ್ನರ್ ಮಾತ್ರ ಅಲ್ಲಿಂದ ಬೆನ್ನು ತೋರಿಸುತ್ತಾನೆ. ಮೂರನೇ ಬೇಸಿನ ಕಡೆಯಿಂದ ಅವನು ಅಡ್ಡನೋಟದಲ್ಲಿ ಪೂರ್ತಿ ಮೈಚಾಚಿ ಸಿಗುತ್ತಾನೆ.

ಇನ್ನೊಂದು ಸಂಗತಿ ಡಗೌಟ್. ನಿಮ್ಮ ಪಕ್ಕದ ಡಗೌಟ್‌ನ ಒಳಗೆ ಏನು ನಡೆದರೂ ನಿಮಗೆ ಕಾಣುವುದಿಲ್ಲ, ಎದುರಿನದು ಮಾತ್ರ ಕಾಣುತ್ತದೆ. ಡಾಜರ್ಸ್, ಜೈಂಟ್ಸ್, ಕಬ್ಸ್ ತಂಡಗಳ ತವರು ಡಗೌಟ್ ಮೂರನೇ ಬೇಸಿನ ಕಡೆ ಇದೆ. ಯಾಂಕೀಸ್, ರೆಡ್ ಸಾಕ್ಸ್ ತಂಡಗಳದ್ದು ಮೊದಲನೇ ಬೇಸಿನ ಕಡೆ. ತವರು ತಂಡದ ಸಂಭ್ರಮ ಬೇಕಾದವರು ಅದರ ಎದುರಿನ ವೆಲ್‌ನಲ್ಲಿರಬೇಕು. ಎಲ್ಲವನ್ನೂ ಕೂಡಿಸಿ ಕಳೆದರೆ, ಬೇರೆ ಕಾರಣವಿಲ್ಲದಿದ್ದಾಗ ಮೊದಲನೇ ಬೇಸಿನ ಕಡೆಯೇ ಲೇಸು.

ಬೆಳಕೂ ಅದಕ್ಕೇ ಒತ್ತು ಕೊಡುತ್ತದೆ. ಹೋಂ ಪ್ಲೇಟ್‌ನಿಂದ ಎರಡನೇ ಬೇಸಿನ ಕಡೆಗೆ ಎಳೆದ ಗೆರೆ ಪೂರ್ವ-ಈಶಾನ್ಯಕ್ಕೆ ಇರಬೇಕೆಂದು ನಿಯಮಪುಸ್ತಕ ಸಲಹೆ ಮಾಡುತ್ತದೆ. ಎಲ್ಲ ಕ್ರೀಡಾಂಗಣಗಳೂ ಅದನ್ನು ಪಾಲಿಸಿಲ್ಲ, ಆದರೆ ಪಾಲಿಸಿದ ಕಡೆ ಮಧ್ಯಾಹ್ನದ ಸೂರ್ಯ ಮೊದಲನೇ ಬೇಸಿನ ವೆಲ್‌ನಲ್ಲಿರುವವರ ಬೆನ್ನ ಹಿಂದಿರುತ್ತಾನೆ, ಎದುರಿನವರ ಕಣ್ಣಿಗೆ ಹೊಡೆಯುತ್ತಾನೆ. ಹೋಗುವ ಮುನ್ನ ಉಪಗ್ರಹ ನಕ್ಷೆಯಲ್ಲಿ ಮೈದಾನದ ದಿಕ್ಕು ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ.

ಸಮಾರಂಭಗಳಿದ್ದ ದಿನ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಒಂದು ಸುತ್ತು ಹಾಕಿ. 1948ರ ಜೂನ್ 13ರಂದು ಯಾಂಕೀ ಸ್ಟೇಡಿಯಂನಲ್ಲಿ ಬೇಸ್‌ಬಾಲ್‌ನ ದಂತಕಥೆ ಬೇಬ್ ರೂತ್ ಬೀಳ್ಕೊಳ್ಳುವ ಹೊತ್ತಿನಲ್ಲಿ ಉಳಿದ ಫೋಟೋಗ್ರಾಫರ್‌ಗಳು ಎದುರು ನಿಂತಿದ್ದರು. ಪತ್ರಿಕಾ ಫೋಟೋಗ್ರಾಫರ್ ನ್ಯಾಟ್ ಫೈನ್ ಹಿಂದಕ್ಕೆ ಹೋಗಿ, ಬ್ಯಾಟಿಗೆ ಒರಗಿ ನಿಂತ ರೋಗಿಷ್ಠ ರೂತ್‌ನ ಬೆನ್ನನ್ನೂ ಅದರ ಮೇಲಿನ 3ರ ಅಂಕಿಯನ್ನೂ ತೆಗೆದರು. ಅವತ್ತು ನಿವೃತ್ತಿಯಾಗುತ್ತಿದ್ದದ್ದು ಆ ಅಂಕಿಯೇ. ಆ ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಬಂತು.

ಲೆನ್ಸ್ ಮತ್ತು ಕ್ಯಾಮೆರಾ

ವೃತ್ತಿಪರರ ಮಾಮೂಲಿ ಜೋಡಿ 400 ಎಂಎಂ ಎಫ್/2.8 ಮತ್ತು 70–200 ಎಂಎಂ ಎಫ್/2.8, ಎರಡು ಕ್ಯಾಮೆರಾ ಬಾಡಿಗಳ ಮೇಲೆ. (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಹೆಚ್ಚು.) 400 ಏಕೆ ಎಂಬುದಕ್ಕೆ ಸರಳ ಗಣಿತವಿದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 40 ಮೀಟರ್ ದೂರದ ಎರಡನೇ ಬೇಸಿನಲ್ಲಿ ಅದು 3.6 ಮೀಟರ್ ಅಗಲ, 2.4 ಮೀಟರ್ ಎತ್ತರದ ಜಾಗವನ್ನು ತುಂಬಿಕೊಳ್ಳುತ್ತದೆ. ಜಾರಿ ಬರುವ ರನ್ನರ್, ಅವನ ಮೇಲೆ ಹಾರುವ ಫೀಲ್ಡರ್ ಇಬ್ಬರಿಗೂ ಅಷ್ಟು ಸಾಕು. 27 ಮೀಟರ್ ದೂರದ ಬ್ಯಾಟರ್‌ಗೆ ಕ್ಯಾಮೆರಾ ಉದ್ದಕ್ಕೆ ಹಿಡಿದರೆ 2.4 ಮೀಟರ್ ಎತ್ತರ ಸಿಗುತ್ತದೆ. ಆಳೂ ಬ್ಯಾಟೂ ಒಳಗೇ ಇರುತ್ತವೆ.

ಈ ಲೆನ್ಸಿಗೆ ಹೊಸದಾದರೆ 12 ಸಾವಿರ ಡಾಲರ್ ಆಸುಪಾಸು. ಕಲಿಯುವವರು ಅದಕ್ಕಾಗಿ ಸಾಲ ಮಾಡಬೇಕಿಲ್ಲ. ಹಳೆಯ 300 ಎಂಎಂ ಎಫ್/2.8ಕ್ಕೆ ಲೆನ್ಸಿನ ಉದ್ದವನ್ನು 1.4 ಪಟ್ಟು ಹೆಚ್ಚಿಸುವ ಟೆಲಿಕನ್ವರ್ಟರ್ ಹಾಕಿದರೆ 420 ಎಂಎಂ ಎಫ್/4 ಆಗುತ್ತದೆ, ಒಂದು ಸ್ಟಾಪ್ (ಅಂದರೆ ಅರ್ಧ) ಬೆಳಕು ಹೋಗುತ್ತದೆ ಅಷ್ಟೇ. ಚಿಕ್ಕ ಸೆನ್ಸರ್‌ನ ಎಪಿಎಸ್-ಸಿ ಬಾಡಿಯ ಮೇಲೆ 70–200 ಇಟ್ಟರೆ 300 ಎಂಎಂ ನೋಟ ಸಿಗುತ್ತದೆ. ಶಾಲಾ ಮೈದಾನದಲ್ಲಿ ಗೆರೆಯ ಹತ್ತಿರ ನಿಲ್ಲಲು ಬಿಡುವುದರಿಂದ ಅಷ್ಟೇ ಸಾಕಾಗುತ್ತದೆ. ಎಫ್/8ಕ್ಕೆ ಇಳಿಯುವ ಅಗ್ಗದ ಜೂಮ್‌ಗಳು ಹಗಲಿಗೆ ಮಾತ್ರ. ದೊಡ್ಡ ಪಂದ್ಯ ಒಪ್ಪಿಕೊಂಡಾಗ ಬಾಡಿಗೆಗೆ ತರುವುದೇ ಜಾಣತನ. 400 ಎಂಎಂ ಲೆನ್ಸೇ ಸುಮಾರು 3 ಕೆ.ಜಿ. ತೂಗುತ್ತದೆ, ಆದ್ದರಿಂದ ಮೊನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ಬೇಕೇ ಬೇಕು.

ಎಫ್/2.8ರಲ್ಲಿ 400 ಎಂಎಂ ಲೆನ್ಸಿನ ಫೋಕಸ್ ಆಳ 30 ಮೀಟರ್ ದೂರಕ್ಕೆ ಒಂದು ಮೀಟರ್‌ಗಿಂತ ಕಡಿಮೆ, 40 ಮೀಟರ್‌ಗೆ ಒಂದೂಮುಕ್ಕಾಲು ಮೀಟರ್ ಇದ್ದೀತು. ಬ್ಯಾಟರ್ ಬದಲು ಅವನ ಹಿಂದೆ ಕೂತು ಪಿಚ್ ಹಿಡಿಯುವ ಕ್ಯಾಚರ್‌ನ ಮುಖಗವಸಿಗೆ ಫೋಕಸ್ ಕೂತರೆ ಫ್ರೇಮ್ ಹೋಯಿತು.

ಕ್ಯಾಮೆರಾ ಹೊಂದಿಸುವ ಕ್ರಮ

1. ಶಟರ್ ವೇಗ ಹಗಲಲ್ಲಿ 1/3200 ಅಥವಾ ಮೇಲೆ, ರಾತ್ರಿ 1/1600. 95 ಮೈಲಿ ವೇಗದ ಚೆಂಡು 1/2000 ಸೆಕೆಂಡಿನಲ್ಲಿ ಎರಡು ಸೆಂಟಿಮೀಟರ್ ಚಲಿಸುತ್ತದೆ, 1/4000ರಲ್ಲಿ ಒಂದು ಸೆಂಟಿಮೀಟರ್. ಚೆಂಡಿನ ವ್ಯಾಸ ಏಳೂವರೆ ಸೆಂಟಿಮೀಟರ್‌ಗೆ ಒಂಚೂರು ಕಡಿಮೆ ಇರುವುದರಿಂದ 1/1000ಕ್ಕಿಂತ ಇಳಿದರೆ ಅದು ಮೊಟ್ಟೆಯಂತೆ ಎಳೆದುಕೊಳ್ಳುತ್ತದೆ.

2. ಎಕ್ಸ್‌ಪೋಶರ್ ಮ್ಯಾನುಯಲ್. ಆಟೋ ಬಿಟ್ಟರೆ ಹಿನ್ನೆಲೆಯ ಕಪ್ಪು ಗೋಡೆ, ಬಿಳಿ ಜಾಹೀರಾತು ಬದಲಾದಂತೆಲ್ಲ ಬೆಳಕೂ ಕುಣಿಯುತ್ತದೆ. ನೇರ ಬಿಸಿಲಿಗೆ ಎಫ್/4, 1/3200, ಐಎಸ್ಒ (ಸೆನ್ಸರ್‌ನ ಬೆಳಕಿನ ಸೂಕ್ಷ್ಮತೆ) 200 ಇಟ್ಟು ಆರಂಭಿಸಿ. ಮೇಜರ್ ಲೀಗ್ ರಾತ್ರಿ ದೀಪಕ್ಕೆ ಎಫ್/2.8, 1/1600, ಐಎಸ್ಒ 2000ದಿಂದ 3200. ಸಣ್ಣ ಊರಿನ ಮೈನರ್ ಲೀಗ್ (ಮೇಜರ್‌ಗಿಂತ ಕೆಳಹಂತದ ವೃತ್ತಿಪರ ಲೀಗ್) ಮೈದಾನದಲ್ಲಿ 1/1000ಕ್ಕೆ ಇಳಿಸಿಯೂ ಐಎಸ್ಒ 6400 ಬೇಕಾಗಬಹುದು. ಅಲ್ಲಿ ಔಟ್‌ಫೀಲ್ಡ್ ಇನ್ನೂ ಕತ್ತಲು.

3. ಫೋಕಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂಬದಿಯ ಬಟನ್‌ಗೆ ಕೊಡಿ. ಫೋಕಸ್ ಜಾಗವನ್ನು ಚಿಕ್ಕ ವಲಯಕ್ಕೆ ಇಳಿಸಿ. ಇಡೀ ಫ್ರೇಮಿನಲ್ಲಿ ಮುಖ ಹುಡುಕಲು ಬಿಟ್ಟರೆ ಅಂಪೈರ್‌ನ ಮುಖ ಸಿಕ್ಕಿಬಿಡುತ್ತದೆ. ಟ್ರ್ಯಾಕಿಂಗ್‌ನ ಚುರುಕುತನವನ್ನೂ ತಗ್ಗಿಸಿ; ನಡುವೆ ಯಾರಾದರೂ ಅಡ್ಡ ಬಂದರೂ ಫೋಕಸ್ ಜಿಗಿಯಬಾರದು.

4. ದೊಡ್ಡ ಟೆಲಿ ಲೆನ್ಸ್‌ಗಳಲ್ಲಿ ಫೋಕಸ್ ದೂರವನ್ನು ನೆನಪಿಟ್ಟುಕೊಳ್ಳುವ ಬಟನ್ ಇರುತ್ತದೆ. ಪಂದ್ಯಕ್ಕೆ ಮುಂಚೆ ಎರಡನೇ ಬೇಸಿಗೆ ಫೋಕಸ್ ಮಾಡಿ ಅದನ್ನು ಉಳಿಸಿ. ಆಮೇಲೆ ಒಂದೇ ಒತ್ತಿಗೆ ಲೆನ್ಸ್ ಅಲ್ಲಿಗೆ ಬಂದು ನಿಲ್ಲುತ್ತದೆ. ಇಷ್ಟು ಉಪಯೋಗದ ಸೌಲಭ್ಯವನ್ನು ಮುಟ್ಟದೇ ವರ್ಷಗಟ್ಟಲೆ ಲೆನ್ಸ್ ಹೊತ್ತು ತಿರುಗುವವರಿದ್ದಾರೆ.

5. ಎಲೆಕ್ಟ್ರಾನಿಕ್ ಶಟರ್ ಬಳಸುವ ಮುಂಚೆ ಪರೀಕ್ಷಿಸಿ. ಸೆನ್ಸರ್ ನಿಧಾನವಾಗಿ ಓದುವ ಮಧ್ಯಮ ದರ್ಜೆಯ ಬಾಡಿಗಳಲ್ಲಿ ಬೀಸುವ ಬ್ಯಾಟು ಬಾಗಿದಂತೆ ಕಾಣುತ್ತದೆ, ಅದನ್ನು ಆಮೇಲೆ ಸರಿಪಡಿಸಲಾಗದು. ಅಂಥ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಇರಲಿ. ನಿಕಾನ್ ಝಡ್9ರಂಥ ವೇಗದ ಸೆನ್ಸರ್‌ನಲ್ಲಿ ಈ ತೊಂದರೆ ಕಣ್ಣಿಗೆ ಬೀಳುವುದು ಅಪರೂಪ, ಇಡೀ ಸೆನ್ಸರನ್ನು ಒಂದೇ ಸಲಕ್ಕೆ ಓದುವ ಗ್ಲೋಬಲ್ ಶಟರ್ ಇರುವ ಸೋನಿ ಎ9 IIIರಲ್ಲಿ ಇಲ್ಲವೇ ಇಲ್ಲ.

6. ಅಮೆರಿಕದ ವಿದ್ಯುತ್ 60 ಹರ್ಟ್ಸ್, ಆದ್ದರಿಂದ ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು ಸೆಕೆಂಡಿಗೆ 120 ಸಲ ಮಿಣುಕುತ್ತವೆ (ನಮ್ಮೂರಲ್ಲಿ 100 ಸಲ). ಒಂದು ಫ್ರೇಮ್ ಹಳದಿ, ಮುಂದಿನದು ಮಂಕು ಬಂದರೆ ಕಾರಣ ಇದೇ. ಆ್ಯಂಟಿ-ಫ್ಲಿಕರ್ ಹಾಕಿ, ಫ್ರೇಮ್ ವೇಗ ಸ್ವಲ್ಪ ಕುಗ್ಗಿದರೂ ಬಣ್ಣ ನಿಲ್ಲುತ್ತದೆ. ಎಲ್ಇಡಿ ಜಾಹೀರಾತು ಪಟ್ಟಿಗಳ ಮೇಲೆ ಗೆರೆ ಮೂಡಿದರೆ ಶಟರ್ ವೇಗವನ್ನು ಸೂಕ್ಷ್ಮವಾಗಿ ಸರಿಹೊಂದಿಸುವ ಆಯ್ಕೆ ಹೊಸ ಬಾಡಿಗಳಲ್ಲಿದೆ.

7. ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಹೊಂದಿಸಿ. ಹತ್ತು ಸೆಕೆಂಡ್ ಹೆಚ್ಚುಕಡಿಮೆಯಾದರೆ ಯಾವ ಫ್ರೇಮ್ ಯಾವ ಪಿಚ್‌ನದ್ದು ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಟೋಪಿಯ ನೆರಳು

ಹಗಲು ಪಂದ್ಯದ ದೊಡ್ಡ ಕಾಟ ಇದು. ತವರು ತಂಡ ಸಾಮಾನ್ಯವಾಗಿ ಬಿಳಿ ಸಮವಸ್ತ್ರ, ಅತಿಥಿ ತಂಡ ಬೂದು. ನಡುಹಗಲ ಬಿಸಿಲಿನಲ್ಲಿ ಬಿಳಿ ಅಂಗಿ ಹೊಳೆಯುತ್ತದೆ, ಟೋಪಿಯ ಅಂಚಿನ ಕೆಳಗೆ ಕಣ್ಣು ಕಪ್ಪಾಗುತ್ತದೆ. ಅಂಗಿಯ ಬಿಳುಪು ಹೈಲೈಟ್ ಎಚ್ಚರಿಕೆ ಮಿನುಗುವ ಅಂಚಿನಲ್ಲಿ ಇರುವಷ್ಟು ಬೆಳಕು ಕೊಡಿ, ನೆರಳನ್ನು ಆಮೇಲೆ ಎತ್ತಬಹುದು. ಅಂಗಿ ಪೂರ್ತಿ ಸುಟ್ಟುಹೋದರೆ ಹೊಲಿಗೆಯ ಗೆರೆಯೂ ಉಳಿಯುವುದಿಲ್ಲ. ಇನ್‌ಫೀಲ್ಡಿನ (ಬೇಸುಗಳ ಸುತ್ತಲಿನ ಒಳಮೈದಾನದ) ಕಂದು ಮಣ್ಣು ಮೇಲ್ಮುಖವಾಗಿ ಒಂದಿಷ್ಟು ಬೆಳಕು ಚಿಮ್ಮಿಸುತ್ತದೆ. ಮಣ್ಣಿನ ಮೇಲೆ ನಿಂತ ಆಟಗಾರನ ಮುಖ ಹುಲ್ಲಿನ ಮೇಲೆ ನಿಂತವನಿಗಿಂತ ತಿಳಿಯಾಗಿ ಬರುವುದು ಅದಕ್ಕೇ.

ಸಂಜೆ ನಾಲ್ಕೈದರ ಹೊತ್ತಿಗೆ ಮೇಲಂತಸ್ತಿನ ನೆರಳು ಪ್ಲೇಟ್‌ನಿಂದ ಪಿಚರ್ ಕಡೆಗೆ ತೆವಳುತ್ತದೆ. ಬ್ಯಾಟರ್ ನೆರಳಿನಲ್ಲಿ, ಪಿಚರ್ ಬಿಸಿಲಿನಲ್ಲಿ, ಇಬ್ಬರ ನಡುವೆ ಮೂರು ಸ್ಟಾಪ್ ವ್ಯತ್ಯಾಸ. ಕ್ಯಾಮೆರಾದ ಎರಡು ಕಸ್ಟಮ್ ನೆನಪುಗಳಲ್ಲಿ ಎರಡು ಎಕ್ಸ್‌ಪೋಶರ್ ಇಟ್ಟುಕೊಂಡು ಬೆರಳ ತುದಿಯಲ್ಲಿ ಬದಲಾಯಿಸುವುದು ಒಂದೇ ದಾರಿ.

ಪಂದ್ಯ ಓದುವುದು

ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿಯೊಂದರಲ್ಲೂ ಎರಡೂ ತಂಡಗಳು ಒಮ್ಮೊಮ್ಮೆ ಬ್ಯಾಟ್ ಮಾಡುತ್ತವೆ. ಮೊದಲ ಇನಿಂಗ್ಸ್‌ನಲ್ಲಿ ಎರಡೂ ತಂಡಗಳ ಆರಂಭಿಕ ಪಿಚರ್‌ಗಳನ್ನು ತೆಗೆದು ಮುಗಿಸಿ. ಅತಿಥಿ ತಂಡ ಮೊದಲು ಬ್ಯಾಟ್ ಮಾಡುವುದರಿಂದ ತವರಿನ ಪಿಚರ್ ಮೊದಲು ಬರುತ್ತಾನೆ. ಯಾವನೇ ಪಿಚರ್ ಎರಡನೇ ಇನಿಂಗ್ಸ್‌ನಲ್ಲೇ ಹೊಡೆತ ತಿಂದು ಹೊರಹೋಗಬಹುದು. ಆಗ ಸುದ್ದಿಯೇ ಅವನು, ನಿಮ್ಮ ಬಳಿ ಅವನ ಫ್ರೇಮ್ ಇರುವುದಿಲ್ಲ. ಪಿಚರ್‌ನ ಮುಂಗಾಲು ನೆಲಕ್ಕೆ ಊರಿದ ಮೇಲೆ ಚೆಂಡು ಕೈಬಿಡಲು ಸುಮಾರು 0.15 ಸೆಕೆಂಡ್ ಹಿಡಿಯುತ್ತದೆ. ಊರುವುದನ್ನು ಕಂಡು ಒತ್ತಿದರೆ ತಡ; ಆ ಕಾಲು ಕೆಳಗಿಳಿಯತೊಡಗಿದ್ದೇ ಬಟನ್ ಒತ್ತಲು ಸೂಚನೆ. ಸೆಕೆಂಡಿಗೆ 20 ಫ್ರೇಮ್ ಆದರೆ ಕಾಲೂರಿದ್ದರಿಂದ ಚೆಂಡು ಬಿಡುವವರೆಗೆ ಮೂರೇ ಫ್ರೇಮ್ ಸಿಗುತ್ತವೆ, ಅದರಲ್ಲಿ ಒಂದರಲ್ಲಿ ಚೆಂಡು ಬೆರಳ ತುದಿಯಲ್ಲಿರಬಹುದು.

ಬ್ಯಾಟಿಗೆ ಚೆಂಡು ತಾಗಿದ ಚಿತ್ರಕ್ಕೂ ಬ್ಯಾಟರ್‌ನ ಮುಂಗಾಲನ್ನೇ ನೋಡಿ. ಚೆಂಡನ್ನು ನೋಡಿ ಒತ್ತಿದರೆ ತಡವಾಗುತ್ತದೆ: ಮನುಷ್ಯ ಕಂಡು ಪ್ರತಿಕ್ರಿಯಿಸಲು 0.2 ಸೆಕೆಂಡ್ ಬೇಕು, ಅಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಪ್ರೀ-ಕ್ಯಾಪ್ಚರ್ ಇರುವ ಬಾಡಿಗಳು ಬಟನ್ ಒತ್ತುವ ಮೊದಲಿನ ಫ್ರೇಮ್‌ಗಳನ್ನೂ ಕೊಡುತ್ತವೆ, ಇಲ್ಲಿ ಅದು ನಿಜಕ್ಕೂ ಸಹಾಯ. ಹಾಗೆಂದು ತಾಗಿದ ಫ್ರೇಮಿಗೇ ಅಂಟಿಕೊಳ್ಳಬೇಡಿ. ಹೊಸಬರು ಅದನ್ನು ದೊಡ್ಡ ಬೇಟೆ ಎಂದುಕೊಳ್ಳುತ್ತಾರೆ, ಸಂಪಾದಕರು ಬಳಸುವುದು ಬಹಳ ಸಲ ಅದರ ನಂತರದ್ದನ್ನು: ಚೆಂಡು ಹಾರಿದೆ, ಬ್ಯಾಟು ಸುತ್ತಿ ಬಂದಿದೆ, ಕಣ್ಣು ಮೇಲಿದೆ.

ಇನ್ನು ಬೇಸುಗಳು. ಮೊದಲನೇ ಬೇಸಿನಲ್ಲಿ ರನ್ನರ್ ಇದ್ದು ಇಬ್ಬರು ಔಟಾಗಿಲ್ಲದಿದ್ದರೆ ಡಬಲ್ ಪ್ಲೇ ಸಾಧ್ಯ. ನೆಲಕ್ಕೆ ಬಡಿದ ಚೆಂಡು ಇನ್‌ಫೀಲ್ಡರ್ ಕಡೆ ಹೊರಟ ಕೂಡಲೇ ಅದನ್ನು ಹಿಂಬಾಲಿಸದೆ ಎರಡನೇ ಬೇಸಿಗೆ ತಿರುಗಿ, ಉಳಿಸಿಟ್ಟ ಫೋಕಸ್ ಒತ್ತಿ, ಕ್ಯಾಮೆರಾ ಅಡ್ಡ ಹಿಡಿದು ಕಾಯಿರಿ. ಚೆಂಡು ತಾನಾಗಿ ಫ್ರೇಮಿಗೆ ಬರುತ್ತದೆ. 2016ರ ನಿಯಮದ ಪ್ರಕಾರ ರನ್ನರ್ ಬೇಸಿನ ಕಡೆಗೇ ಜಾರಬೇಕು, ಫೀಲ್ಡರ್‌ನನ್ನು ಕೆಡವಲು ಹೋಗುವಂತಿಲ್ಲ. ಹಳೆಯ ಪತ್ರಿಕೆಗಳಲ್ಲಿ ಕಾಣುವ ಪಲ್ಟಿಗಳು ಈಗ ಕಡಿಮೆಯಾಗಿವೆ, ಆದರೆ ಹಾರಿ ಎಸೆಯುವ ಭಂಗಿ ಉಳಿದಿದೆ.

ಬೇಸ್ ಕದಿಯುವಾಗ ನಿಮ್ಮ ಕೈಯಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯವಿದೆ. ಪಿಚರ್‌ಗೆ ಸುಮಾರು 1.3 ಸೆಕೆಂಡ್, ಕ್ಯಾಚರ್ ಹಿಡಿದು ಎರಡನೇ ಬೇಸಿಗೆ ಮುಟ್ಟಿಸಲು ಸುಮಾರು 2 ಸೆಕೆಂಡ್. ಬಲಗಣ್ಣು ವ್ಯೂಫೈಂಡರ್‌ನಲ್ಲಿದ್ದರೂ ಎಡಗಣ್ಣು ತೆರೆದು ರನ್ನರ್ ಮೇಲಿಡುವುದನ್ನು ರೂಢಿಸಿಕೊಂಡರೆ ಮೂರು ಸೆಕೆಂಡಿನಲ್ಲಿ ಲೆನ್ಸ್ ತಿರುಗಿಸಿ ಉಸಿರು ಬಿಡಲೂ ಆಗುತ್ತದೆ. ರನ್ನರ್ ಯಾವಾಗ ಓಡಬಹುದು? 2023ರಲ್ಲಿ ಬಂದ ನಿಯಮಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಪಿಚರ್ ಒಬ್ಬ ಬ್ಯಾಟರ್‌ನ ಸರದಿಯಲ್ಲಿ ಎರಡೇ ಸಲ ತಾನು ನಿಂತ ರಬ್ಬರ್ ಪಟ್ಟಿಯಿಂದ ಕಾಲು ತೆಗೆಯಬಹುದು ಅಥವಾ ರನ್ನರ್ ಕಡೆ ಎಸೆಯಬಹುದು. ಮೂರನೆಯ ಸಲ ಎಸೆದು ಔಟ್ ಮಾಡದಿದ್ದರೆ ರನ್ನರ್‌ಗೆ ಮುಂದಿನ ಬೇಸ್ ಪುಕ್ಕಟೆ. ಎರಡು ಸಲ ಎಸೆದಾಯಿತು ಅಂದರೆ ರನ್ನರ್ ಧೈರ್ಯವಾಗಿ ಮುಂದೆ ಸರಿಯುತ್ತಾನೆ. ನೀವು ಎರಡನೇ ಬೇಸಿಗೆ ಸಿದ್ಧರಾಗಬೇಕಾದದ್ದು ಆಗ.

ಪಿಚರ್ ಎಷ್ಟು ಸಮಯದೊಳಗೆ ಎಸೆಯಬೇಕೆಂದು ತೋರಿಸುವ ಪಿಚ್ ಕ್ಲಾಕ್ ಕೂಡ ನಿಮ್ಮ ಪರ. ಬೇಸು ಖಾಲಿಯಿದ್ದಾಗ 15 ಸೆಕೆಂಡ್, ರನ್ನರ್ ಇದ್ದಾಗ 18. ಬ್ಯಾಟರ್ 8 ಸೆಕೆಂಡ್ ಉಳಿದಿರುವಾಗಲೇ ತಯಾರಿರಬೇಕು. ಗಡಿಯಾರ ನೋಡಿದರೆ ಪಿಚ್ ಯಾವಾಗ ಎಂದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಅದರ ಇನ್ನೊಂದು ಮುಖವೆಂದರೆ ಪಿಚ್‌ಗಳ ನಡುವೆ ಸ್ಕ್ರೀನ್ ನೋಡುತ್ತಾ ಕೂರಲು ಈಗ ಪುರುಸೊತ್ತಿಲ್ಲ. ಅದಕ್ಕೆ ಅರ್ಧ ಇನಿಂಗ್ಸ್‌ಗಳ ನಡುವಿನ ಎರಡು ನಿಮಿಷವೇ ಗತಿ.

ಎರಡನೇ ಬೇಸಿನಲ್ಲಿ ರನ್ನರ್ ಇದ್ದು ಚೆಂಡು ಔಟ್‌ಫೀಲ್ಡಿಗೆ ಹೋದರೆ ಹೋಂ ಪ್ಲೇಟ್ ಕಾಯಿರಿ. 2014ರಿಂದ ಕ್ಯಾಚರ್ ಚೆಂಡಿಲ್ಲದೆ ದಾರಿಗೆ ಅಡ್ಡ ನಿಲ್ಲುವಂತಿಲ್ಲ, ಹಾಗಾಗಿ ಡಿಕ್ಕಿಗಿಂತ ರನ್ನರ್ ಬದಿಯಿಂದ ಜಾರಿ ಕೈಯಲ್ಲಿ ಪ್ಲೇಟ್ ಸವರುವುದೇ ಹೆಚ್ಚು. ಫ್ರೇಮ್ ಸಡಿಲ ಇಟ್ಟುಕೊಳ್ಳಿ. ಅಂಪೈರ್ ನಡುವೆ ಬಂದು ಎಲ್ಲವನ್ನೂ ಮುಚ್ಚುವುದು ಮಾಮೂಲು, ಬೈದುಕೊಂಡು ಪ್ರಯೋಜನವಿಲ್ಲ; ಅವನ ಕೈ ಮೇಲೆದ್ದ ನಂತರದ ಮುಖಗಳನ್ನು ತೆಗೆಯಿರಿ.

ಹೊಡೆದ ಚೆಂಡು ಬೇಲಿಯಾಚೆ ಹಾರಿ ಹೋಂ ರನ್ ಆದಾಗ ಅದರ ಹಿಂದೆ ಲೆನ್ಸ್ ಓಡಿಸಿದರೆ ಆಕಾಶ ಸಿಗುತ್ತದೆ. ಬ್ಯಾಟರ್‌ನ ಮುಖದಲ್ಲೇ ಇರಿ, ಆಮೇಲೆ ತಲೆ ತಗ್ಗಿಸಿದ ಪಿಚರ್, ಆಮೇಲೆ ಡಗೌಟ್. ಪಂದ್ಯ ಮುಗಿಸುವ ಕೊನೆಯ ಹೊಡೆತವಾದರೆ ಕೂಡಲೇ 400 ಇಳಿಸಿ 70–200 ಎತ್ತಿಕೊಳ್ಳಿ. ಜೊತೆಗಾರರು ಪ್ಲೇಟ್ ಸುತ್ತ ಮುತ್ತಿದ ಮೇಲೆ ಬೆನ್ನುಗಳಷ್ಟೇ ಕಾಣುವುದು. ಅವನು ಮೂರನೇ ಬೇಸ್ ದಾಟಿ ಹೆಲ್ಮೆಟ್ ಎಸೆದು ಬರುವ ಹತ್ತು ಹೆಜ್ಜೆಗಳೇ ನಿಮ್ಮವು. ನಂತರ ಟಿವಿ ಸಂದರ್ಶನ ನಡೆಯುವಾಗ ಡಗೌಟ್‌ನಲ್ಲಿ ಪಾನೀಯದ ಡ್ರಮ್ ಯಾರ ಕೈಯಲ್ಲಿದೆ ನೋಡುತ್ತಿರಿ, ಅದು ಸಂದರ್ಶನ ಕೊಡುವವನ ತಲೆಗೆ ಬೀಳಲಿದೆ.

ಸುದ್ದಿಗೆ ಬೇಕಾದದ್ದು ಕೈಗೆ ಬಂದ ಮೇಲೆ, ನಾಲ್ಕನೇ ಇನಿಂಗ್ಸ್ ಹೊತ್ತಿಗೆ, 1/30 ಶಟರ್‌ನಲ್ಲಿ ಪಿಚರ್‌ನ ಕೈ ಮಸುಕಾಗುವಂತೆ ಒಂದಷ್ಟು ಪ್ರಯತ್ನಿಸಬಹುದು. ಮುಗಿದ ಕೂಡಲೇ ಸೆಟ್ಟಿಂಗ್ ಹಿಂದಕ್ಕೆ ತರಲು ಮರೆಯಬೇಡಿ.

ಸುರಕ್ಷತೆ ಮತ್ತು ನಡವಳಿಕೆ

ಚೆಂಡು ಆಟದಲ್ಲಿರುವಾಗ ತಲೆ ತಗ್ಗಿಸಬೇಡಿ. ಗೆರೆಯ ಹೊರಗೆ ಹೋದ ಫೌಲ್ ಚೆಂಡು ವೆಲ್‌ಗೆ ಬರುವಾಗ ತಪ್ಪಿಸಿಕೊಳ್ಳಲು ಅರೆಗಳಿಗೆಯೂ ಇರುವುದಿಲ್ಲ. ಚೀಲ, ಮೊನೊಪಾಡ್, ಮೊಣಕೈ ಕಟ್ಟೆಯ ಹೊರಗೆ ಚಾಚದಿರಲಿ. ಮೈದಾನದಲ್ಲಿರಲು ಅನುಮತಿ ಪಡೆದವರಿಗೆ ಚೆಂಡು ಅಕಸ್ಮಾತ್ ತಗುಲಿದರೆ ನಿಯಮದ ಪ್ರಕಾರ ಆಟ ಮುಂದುವರಿಯುತ್ತದೆ, ಬೇಕೆಂದೇ ಮುಟ್ಟಿದರೆ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದರ ನಂತರ ನಿಮಗೆ ಮತ್ತೆ ಪಾಸ್ ಸಿಗುವುದು ಅನುಮಾನ. ತಂಡದ ಟೋಪಿ, ಜರ್ಸಿ ಹಾಕಿಕೊಂಡು ಹೋಗಬಾರದು, ಚಪ್ಪಾಳೆ ತಟ್ಟಬಾರದು.

ಪ್ರೇಕ್ಷಕರ ಸೀಟಿನಿಂದ

2018ರ ಋತುವಿನಿಂದ ಮೂವತ್ತೂ ಮೇಜರ್ ಲೀಗ್ ಕ್ರೀಡಾಂಗಣಗಳಲ್ಲಿ ರಕ್ಷಣಾ ಬಲೆ ಕನಿಷ್ಠ ಡಗೌಟ್‌ಗಳ ಕೊನೆಯವರೆಗೆ ಬಂದಿದೆ. ಮುಂದಿನ ಸಾಲಿನಲ್ಲಿದ್ದರೆ ಲೆನ್ಸನ್ನು ಬಲೆಗೆ ತಾಗುವಷ್ಟು ಹತ್ತಿರ ಹಿಡಿದು ಅಪರ್ಚರ್ ಪೂರ್ತಿ ತೆರೆಯಿರಿ, ದಾರಗಳು ಕರಗಿಹೋಗುತ್ತವೆ. ಫೋಕಸ್ ಬಲೆಗೇ ಕಚ್ಚಿಕೊಂಡರೆ ಲೆನ್ಸಿನ ಮೇಲಿನ ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರದ ಕಡೆಗೆ ಹಾಕಿ. ಬಲೆಯ ಮೇಲೆ ಬಿಸಿಲು ಬಿದ್ದಿದ್ದರೆ ಚಿತ್ರ ಮಂಜು ಕವಿದಂತಾಗುತ್ತದೆ. ಅದಕ್ಕೆ ನೆರಳಿನ ಕಡೆಯ ಸೀಟೇ ಮದ್ದು. ಎಷ್ಟು ಉದ್ದದ ಲೆನ್ಸ್ ಒಳಗೆ ಬಿಡುತ್ತಾರೆ ಎಂಬುದು ಕ್ರೀಡಾಂಗಣದಿಂದ ಕ್ರೀಡಾಂಗಣಕ್ಕೆ ಬೇರೆ, ಟಿಕೆಟ್ ಕೊಳ್ಳುವ ಮುಂಚೆ ನಿಯಮ ಓದಿ. ಟಿಕೆಟ್ ಹಿಡಿದು ತೆಗೆದ ಚಿತ್ರಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ಷರತ್ತು ಟಿಕೆಟ್‌ನಲ್ಲೇ ಇದೆ.

ಕ್ಯಾಪ್ಷನ್: ಅರ್ಧ ಕೆಲಸ ಇದೇ

ಎರಡು ಸಾವಿರ ಫ್ರೇಮ್ ತೆಗೆದು ನಲವತ್ತೈವತ್ತು ಕಳಿಸುವ ಕೆಲಸ ಇದು. ಪಂದ್ಯ ಮುಗಿದ ಮೇಲೆ ನೋಡೋಣ ಎಂದರೆ ಕೆಟ್ಟಿತು. ಮೊದಲ ಚಿತ್ರಗಳು ಎರಡನೇ ಇನಿಂಗ್ಸ್‌ಗೆ ಮುಂಚೆ ಸಂಪಾದಕರ ಬಳಿ ಇರಬೇಕು. ಆದ್ದರಿಂದ ಸುದ್ದಿ ಕೆಲಸಕ್ಕೆ ಜೆಪಿಇಜಿ. ಒಳ್ಳೆಯ ಫ್ರೇಮ್ ಕಂಡಾಗ ಕ್ಯಾಮೆರಾದಲ್ಲೇ ಗುರುತು ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಗುರುತಿನವನ್ನು ಮಾತ್ರ ಇಳಿಸಿ. ಕತ್ತರಿಸುವುದು, ಬೆಳಕು-ಬಣ್ಣ ಸರಿಮಾಡುವುದು ಸರಿ. ಫ್ರೇಮಿನಿಂದ ಏನನ್ನಾದರೂ ಅಳಿಸಿದರೆ ಕೆಲಸ ಹೋಗುತ್ತದೆ.

ಫೋಟೋ ಮೆಕ್ಯಾನಿಕ್ ಎಂಬ ತಂತ್ರಾಂಶ ಈ ವೃತ್ತಿಯಲ್ಲಿ ಬಹುತೇಕ ಎಲ್ಲರ ಬಳಿಯೂ ಇದೆ. ಅದರ ಕೋಡ್ ಸೌಲಭ್ಯಕ್ಕೆ ಪಂದ್ಯದ ದಿನ ಬೆಳಿಗ್ಗೆ ಎರಡೂ ತಂಡಗಳ ಪಟ್ಟಿ ತುಂಬಿಸಿಡಿ. ಆಮೇಲೆ ಡಾಜರ್ಸ್‌ನ ಗುರುತಕ್ಷರ ಮತ್ತು 17 ಎಂದು ಒತ್ತಿದರೆ ‘ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಶೋಹೆಯ್ ಒಟಾನಿ’ ಎಂದು ತಾನೇ ಬಿಡಿಸಿಕೊಳ್ಳುತ್ತದೆ. ಹೋದ ವಾರದ ಪಟ್ಟಿ ನಂಬಬೇಡಿ, ಆಟಗಾರರು ದಿನದಿನಕ್ಕೂ ಮೈನರ್ ಲೀಗಿಗೆ ಹೋಗಿ ಬರುತ್ತಿರುತ್ತಾರೆ. ಕೋಡಿನಲ್ಲಿ ಆಟಗಾರನ ಸ್ಥಾನವನ್ನೂ ಸೇರಿಸಿದ್ದರೆ ಒಟಾನಿಯಂಥವನ ವಿಷಯದಲ್ಲಿ ಎಡವುತ್ತೀರಿ: ಅವನು ಅವತ್ತು ಪಿಚರೋ, ಬ್ಯಾಟರ್ ಮಾತ್ರವೋ, ಎರಡೂನೋ ಎಂದು ನೋಡಿಯೇ ಬರೆಯಬೇಕು.

ಕ್ಯಾಪ್ಷನ್‌ನ ಮೊದಲ ವಾಕ್ಯ ವರ್ತಮಾನ ಕಾಲದಲ್ಲಿ: ಯಾರು, ಏನು ಮಾಡುತ್ತಿದ್ದಾರೆ, ಯಾರ ವಿರುದ್ಧ, ಎಷ್ಟನೇ ಇನಿಂಗ್ಸ್, ದಿನಾಂಕ, ಊರು. ಎರಡನೆಯದು ಹಿನ್ನೆಲೆ. ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಎಡದಿಂದ ಬಲಕ್ಕೆ. ಯಾಂಕೀಸ್ ಅಂಗಿಯ ಬೆನ್ನ ಮೇಲೆ ಹೆಸರಿರುವುದಿಲ್ಲ, ಅಂಕಿಯಷ್ಟೇ. ರೆಡ್ ಸಾಕ್ಸ್ ತವರಿನ ಅಂಗಿಯಲ್ಲೂ ಹಾಗೇ. ಪ್ರತಿ ವರ್ಷ ಏಪ್ರಿಲ್ 15ರಂದು ಆಧುನಿಕ ಮೇಜರ್ ಲೀಗಿನ ಮೊದಲ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ನೆನಪಿಗೆ ಎಲ್ಲರೂ 42ನ್ನೇ ಧರಿಸುತ್ತಾರೆ. ಅವತ್ತು ಕೋಡುಗಳೆಲ್ಲ ವ್ಯರ್ಥ. ಪ್ರತಿ ಬ್ಯಾಟರ್‌ನ ಸರದಿ ಆರಂಭವಾದಾಗ ಸ್ಕೋರ್‌ಬೋರ್ಡಿನ ಒಂದು ಫ್ರೇಮ್ ತೆಗೆದಿಡಿ, ಆಮೇಲೆ ಗುರುತಿಸಲು ಅದೇ ಆಧಾರ.

ಕೆಲಸ ಹಿಡಿಯುವ ದಾರಿ

ಮೇಜರ್ ಲೀಗ್ ತಂಡದ ಮಾಧ್ಯಮ ವಿಭಾಗ ಪಾಸ್ ಕೊಡುವುದು ಸಂಸ್ಥೆಗೆ. ವ್ಯಕ್ತಿಯ ಆಸಕ್ತಿಗೆ ಕೊಡುವುದಿಲ್ಲ. ಅಸೋಸಿಯೇಟೆಡ್ ಪ್ರೆಸ್, ಗೆಟ್ಟಿ, ಇಮಾಗ್ನ್, ಐಕಾನ್ ಸ್ಪೋರ್ಟ್ಸ್‌ವೈರ್‌ನಂಥ ಏಜೆನ್ಸಿ ಅಥವಾ ಪತ್ರಿಕೆ ನಿಮ್ಮನ್ನು ಆ ಪಂದ್ಯಕ್ಕೆ ನೇಮಿಸಿರಬೇಕು. ಅವರು ನೋಡುವುದು ಹಿಂದಿನ ಕೆಲಸ. ಅದನ್ನು ಕೂಡಿಸಲು ಹೈಸ್ಕೂಲ್, ಕಾಲೇಜು, ಕೇಪ್ ಕಾಡ್‌ನಂಥ ಬೇಸಿಗೆ ಕಾಲೇಜು ಲೀಗ್‌ಗಳು, ಆಮೇಲೆ ಮೈನರ್ ಲೀಗ್. ಮೇಜರ್ ತಂಡಗಳಿಗೆ ಸೇರಿದ ಮೈನರ್ ತಂಡಗಳು 120 ಇವೆ, ಅನೇಕ ಸಣ್ಣ ಊರುಗಳಲ್ಲಿ ಋತುವಿಡೀ ಬರುವ ಫೋಟೋಗ್ರಾಫರ್ ಸಿಗದೆ ಪರದಾಡುತ್ತವೆ. ಇಪ್ಪತ್ತು ಚಿತ್ರಗಳ ಪೋರ್ಟ್‌ಫೋಲಿಯೊದಲ್ಲಿ ಇಪ್ಪತ್ತೂ ಬ್ಯಾಟರ್‌ಗಳೇ ಆದರೆ ಯಾರೂ ಮುಂದೆ ನೋಡುವುದಿಲ್ಲ. ಪಿಚರ್, ಬೇಸಿನ ಆಟ, ಡಗೌಟ್, ಮೈದಾನದ ಅಗಲ ನೋಟ, ಸೋತವರ ಮುಖ ಎಲ್ಲವೂ ಇರಲಿ. ಟೆಕ್ಸಾಸ್‌ನಲ್ಲಿರುವವರಿಗೆ ಇನ್ನೊಂದು ಬಾಗಿಲಿದೆ: ಗ್ರ್ಯಾಂಡ್ ಪ್ರೇರಿಯ ಹಳೆಯ ಬೇಸ್‌ಬಾಲ್ ಮೈದಾನವೇ ಈಗ ಮೇಜರ್ ಲೀಗ್ ಕ್ರಿಕೆಟ್‌ನ ಕ್ರೀಡಾಂಗಣ. ಕ್ರಿಕೆಟ್ ಬಲ್ಲ ಕಣ್ಣಿಗೆ ಅಲ್ಲಿ ಬೆಲೆಯುಂಟು.

ಅಮೆರಿಕದಲ್ಲಿರುವ ಕನ್ನಡಿಗರು ವೀಸಾ ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ಎಚ್-1ಬಿ ಇದ್ದವರು ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು; ವಾರಾಂತ್ಯದ ಫ್ರೀಲಾನ್ಸ್ ಕೂಡ ಉಲ್ಲಂಘನೆಯೇ. ‘ಸಂಬಳವಿಲ್ಲ, ಪಾಸ್ ಮಾತ್ರ’ ಎಂದರೂ, ಬೇರೆಯವರು ಹಣ ಪಡೆದು ಮಾಡುವ ಕೆಲಸವಾದರೆ ಅದು ಸುರಕ್ಷಿತವಲ್ಲ. ಎಫ್-1 ವಿದ್ಯಾರ್ಥಿಗಳು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕ್ಯಾಂಪಸ್ ಒಳಗಿನ ಕೆಲಸ ಮಾಡಬಹುದು, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಫೋಟೋ ಕೆಲಸ ಅದಕ್ಕೆ ಹೊಂದುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಕೆಲಸದ ಅನುಮತಿ ಪತ್ರವಿರುವ ಎಚ್-4 ಸಂಗಾತಿಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಫ್ರೀಲಾನ್ಸ್‌ಗೆ ಅಡ್ಡಿಯಿಲ್ಲ. ಸಂಶಯವಿದ್ದರೆ ವಲಸೆ ವಕೀಲರನ್ನೋ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೋ ಕೇಳಿ.

ಒಪ್ಪಂದಕ್ಕೆ ಸಹಿ ಹಾಕುವಾಗ ಹಕ್ಕುಸ್ವಾಮ್ಯ ಯಾರದು ಎಂಬ ಸಾಲನ್ನು ಹುಡುಕಿ. ‘ವರ್ಕ್ ಫಾರ್ ಹೈರ್’ ಎಂದಿದ್ದರೆ ಚಿತ್ರ ನಿಮ್ಮದಲ್ಲ, ಆ ದಿನದ ಕೂಲಿ ಮಾತ್ರ ನಿಮ್ಮದು. ಹಕ್ಕು ನಿಮ್ಮಲ್ಲೇ ಉಳಿದರೂ ಪಾಸ್ ಮೇಲೆ ತೆಗೆದ ಚಿತ್ರ ಸುದ್ದಿ ಬಳಕೆಗಷ್ಟೇ. ತಂಡದ ಲಾಂಛನ, ಆಟಗಾರನ ಮುಖ ಇರುವ ಪೋಸ್ಟರ್ ಅಥವಾ ಅಂಗಿ ಮುದ್ರಿಸಿ ಮಾರಬೇಕಾದರೆ ಲೀಗಿನ ಮತ್ತು ಆಟಗಾರರ ಸಂಘದ ಪರವಾನಗಿ ಬೇರೆಯೇ ಬೇಕು.